ಒಂದು ಮಾರ್ಕಿನ ನಿಕೊಲೊ ಕೊಂಟಿ

ಹೈಸ್ಕೂಲಲ್ಲಿ ನಾವೆಲ್ಲ ಒಂದು ಪಟ್ಟಿ ಬಾಯಿಪಾಠ ಮಾಡಿರ್ತೀವಿ. ವಿಜಯನಗರಕ್ಕೆ ಬಂದ ವಿದೇಶಿ ಪ್ರವಾಸಿಗರು: ನಿಕೊಲೊ ಕೊಂಟಿ, ಅಬ್ದುರ್ ರಝಾಕ್, ಡೊಮಿಂಗೊ ಪಯಸ್, ನ್ಯೂನಿಜ್. ಒಂದು ಮಾರ್ಕಿನ ಪ್ರಶ್ನೆ. ಹೆಸರು, ದೇಶ, ಯಾವ ರಾಜನ ಕಾಲ, ಅಷ್ಟು ಗೊತ್ತಿದ್ರೆ ಸಾಕು. ನಾನು ಹೊಸಪೇಟೆಯವಳು. ಮನೆಯಿಂದ ಬಸ್ ಹತ್ತಿದ್ರೆ ಅರ್ಧ ಗಂಟೆಗೆ ಹಂಪಿ. ಆದ್ರೂ ಪರೀಕ್ಷೆ ಮುಗಿದ ದಿನಾನೇ ಆ ನಾಲ್ಕು ಹೆಸರನ್ನೂ ಮರೆತುಬಿಟ್ಟಿದ್ದೆ.

ಈ ವರ್ಷ ಸರ್ವೇ ಪ್ರಾಕ್ಟಿಕಲ್ ಶುರುವಾದ ಮೇಲೆ ಒಂದನೇ ಹೆಸರು ಮತ್ತೆ ನೆನಪಾಯ್ತು. ವಿಜಯನಗರದ ಸುತ್ತಳತೆ ಅರವತ್ತು ಮೈಲಿ ಅಂತ ಹೇಳಿದವನು ಈ ಕೊಂಟಿನೇ. ಟೋಟಲ್ ಸ್ಟೇಷನ್ ಇಲ್ಲ, ಚೈನ್ ಇಲ್ಲ, ಅದ್ಹೇಗೆ ಹೇಳಿದ ಮಹಾರಾಯ ಅಂತ ಕುತೂಹಲ ಆಗಿ, 1857ರಲ್ಲಿ ಲಂಡನ್ನಿನ ಹಕ್ಲೂಟ್ ಸೊಸೈಟಿ ಹೊರತಂದ ಇಂಗ್ಲಿಷ್ ಅನುವಾದ ಹುಡುಕಿ ಓದಿದೆ. ಕೊಂಟಿಯ ಭಾಗ ನಲವತ್ತು ಪುಟದೊಳಗೇ ಮುಗಿಯುತ್ತೆ. ಹಂಪಿಗೆ ಸಿಕ್ಕಿರೋದು ಅದರಲ್ಲಿ ಸ್ವಲ್ಪ ಜಾಗ ಅಷ್ಟೇ. ಆದರೆ ಉಳಿದಿದ್ದನ್ನೂ ಓದದೆ ಬಿಡೋಕೆ ಆಗಲಿಲ್ಲ. ಅವನ ಜೀವನ ಹಾಗಿದೆ.

ವೆನಿಸ್ ಎಲ್ಲರಿಗೂ ಗೊತ್ತು. ಅದರ ದಕ್ಷಿಣಕ್ಕೆ, ಅದೇ ಹಿನ್ನೀರಿನ ಕೊನೆಯಲ್ಲಿ ಕಿಯೋಜಾ ಅಂತ ಒಂದು ಊರಿದೆ. ಮೀನು, ಉಪ್ಪು, ದೋಣಿ, ಇದೇ ಅಲ್ಲಿನವರ ಬದುಕು. ಬೀದಿಗಳ ಮಧ್ಯೆ ಕಾಲುವೆಗಳು. ಕೆಳಗೆ ಬರೀ ಕೆಸರು, ಅದಕ್ಕೇ ಮರದ ಕಂಬಗಳನ್ನ ಒತ್ತೊತ್ತಾಗಿ ಹೂಳಿ ಅವುಗಳ ಮೇಲೆ ಕಟ್ಟಡ ಎಬ್ಬಿಸ್ತಿದ್ರು (ನಮ್ಮ ಸಿಲಬಸ್‌ನ ಪೈಲ್ ಫೌಂಡೇಶನ್, ಆರು ನೂರು ವರ್ಷ ಮುಂಚೆ). ಗುಡ್ಡ ಇಲ್ಲ, ಬಂಡೆ ಇಲ್ಲ. ಆ ಕಡೆಯ ಊರುಗಳಿಗೆ ಕಟ್ಟೋ ಕಲ್ಲು ಸಮುದ್ರದ ಆಚೆ ದಡದ ಇಸ್ಟ್ರಿಯಾದಿಂದ ಹಡಗಿನಲ್ಲಿ ಬರಬೇಕಿತ್ತು. 1379ರಲ್ಲಿ ವೆನಿಸ್‌ನ ಶತ್ರು ಜಿನೋವಾದವರು ಕಿಯೋಜಾವನ್ನ ಹಿಡಿದುಕೊಂಡರು. ಮರುವರ್ಷ ವೆನಿಸ್‌ನವರು ಮುತ್ತಿಗೆ ಹಾಕಿ ವಾಪಸ್ ತಗೊಂಡರು. ಈ ಜಗ್ಗಾಟದಲ್ಲಿ ಊರು ಪುಡಿಪುಡಿ. ಅದಾಗಿ ಸುಮಾರು ಹದಿನೈದು ವರ್ಷಕ್ಕೆ, 1395ರ ಹೊತ್ತಿಗೆ, ನಿಕೊಲೊ ಹುಟ್ಟಿದ. ಹಾಳು ಬಿದ್ದ ಮನೆಗಳ ನಡುವೆ ಆಡಿ ಬೆಳೆದ ಹುಡುಗ ಅಂದ್ರೆ ತಪ್ಪಾಗಲ್ಲ. ನಾವೂ ಹಾಗೇ ಬೆಳೆದಿದ್ದು. ನಮ್ಮ ಹಾಳುಗಳಿಗೆ ಟಿಕೆಟ್ ಇದೆ ಅನ್ನೋದಷ್ಟೇ ವ್ಯತ್ಯಾಸ.

1414ರ ಸುಮಾರಿಗೆ ಅವನು ಮನೆ ಬಿಟ್ಟ. ಆಗ ಅವನಿಗೆ ಹತ್ತೊಂಬತ್ತು. ನನ್ನ ವಯಸ್ಸು. ನಾನು ಹಾಸ್ಟೆಲಿಗೆ ಬಂದಾಗ ಅಮ್ಮ ಕೊಟ್ಟ ಶೇಂಗಾ ಚಟ್ನಿಪುಡಿ ಖಾಲಿಯಾಗೋ ಮೊದಲೇ ಊರಿಗೆ ಓಡಿದ್ದೆ. ಅವನು ವಾಪಸ್ ಬಂದಿದ್ದು ಇಪ್ಪತ್ತೈದು ವರ್ಷದ ಮೇಲೆ.

ಮೊದಲು ಹೋಗಿದ್ದು ಸಿರಿಯಾದ ಡಮಾಸ್ಕಸ್‌ಗೆ. ಅಲ್ಲಿ ವ್ಯಾಪಾರ ಮಾಡ್ತಾ ಅರಬ್ಬಿ ಕಲಿತ. ಆಮೇಲೆ ಆರು ನೂರು ವ್ಯಾಪಾರಿಗಳ ದೊಡ್ಡ ಗುಂಪಿನ ಜೊತೆ ಮರುಭೂಮಿ ದಾಟಿ ಬಾಗ್ದಾದ್, ಅಲ್ಲಿಂದ ಬಸ್ರಾ, ಹಾರ್ಮುಜ್. ಪರ್ಷಿಯಾ ಕಡೆಯ ಒಂದು ಬಂದರಿನಲ್ಲಿ ಕೆಲವು ಕಾಲ ನಿಂತು ಪಾರ್ಸಿ ಭಾಷೆಯನ್ನೂ ಕಲಿತ, ಅವರ ಹಾಗೇ ಬಟ್ಟೆ ಹಾಕೋಕೆ ಶುರು ಮಾಡಿದ. ಮುಂದೆ ಎಲ್ಲಾ ಕಡೆ ಅದೇ ವೇಷ. ಆ ಕಾಲಕ್ಕೆ ಯೂರೋಪಿನವನು ಯೂರೋಪಿನವನಾಗೇ ಇದ್ದರೆ ಹಿಂದೂ ಮಹಾಸಾಗರದಲ್ಲಿ ವ್ಯಾಪಾರ ನಡೆಯೋದು ಕಷ್ಟ ಇತ್ತು. ವಾಸ್ಕೋ ಡ ಗಾಮ ಬರೋಕೆ ಇನ್ನೂ ಎಂಬತ್ತು ವರ್ಷ ಬಾಕಿ. ಕೊಂಟಿ ಬಂದಿದ್ದು ತೋಪು ತಗೊಂಡಲ್ಲ, ಪಾರ್ಸಿ ವ್ಯಾಪಾರಿಗಳ ಜೊತೆ ಪಾಲುದಾರನಾಗಿ. ಒಬ್ಬರಿಗೊಬ್ಬರು ಮೋಸ ಮಾಡಲ್ಲ ಅಂತ ಆಣೆ ಇಟ್ಟು ಎಲ್ಲರೂ ಸೇರಿ ಒಂದು ಹಡಗು ಮಾಡಿಕೊಂಡು ಗುಜರಾತಿನ ಖಂಬಾತಿಗೆ ಬಂದಿಳಿದರು.

ಹಡಗಿನ ಬಗ್ಗೆ ಅವನು ಹೇಳಿದ್ದನ್ನ ನಮ್ಮ ಮೆಕ್ಯಾನಿಕಲ್‌ನವರು ಓದಬೇಕು. ಭಾರತದ ಕೆಲವು ಹಡಗುಗಳು ಯೂರೋಪಿನವಕ್ಕಿಂತ ದೊಡ್ಡವು, ಐದು ಹಾಯಿಗಳು, ತಳಕ್ಕೆ ಮೂರು ಪದರ ಹಲಗೆ. ಕೆಲವು ಹಡಗುಗಳ ಒಳಗೆ ಬೇರೆ ಬೇರೆ ಕೋಣೆಗಳ ಹಾಗೆ ಅಡ್ಡಗೋಡೆ ಇರುತ್ತಿತ್ತಂತೆ. ಒಂದು ಭಾಗ ಒಡೆದರೂ ಉಳಿದ ಭಾಗ ತೇಲಿಕೊಂಡು ದಡ ಮುಟ್ಟಬೇಕು ಅನ್ನೋದು ಲೆಕ್ಕ. ಇವತ್ತಿನ ಹಡಗುಗಳಲ್ಲೂ ಇರೋದು ಇದೇ ಉಪಾಯ.

ಖಂಬಾತಿನಿಂದ ಇಪ್ಪತ್ತು ದಿನ ಕರಾವಳಿ ಹಿಡಿದು ದಕ್ಷಿಣಕ್ಕೆ. ಅವನು ಪಕಮೂರಿಯಾ ಅಂತ ಹೇಳೋ ಊರು ನಮ್ಮ ಬಾರಕೂರು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಆಗ ಬಾರಕೂರು ವಿಜಯನಗರದ ರಾಜ್ಯಕ್ಕೇ ಸೇರಿತ್ತು. ಕರಾವಳಿಯಿಂದ ಘಟ್ಟ ಹತ್ತಿ ಒಳನಾಡಿಗೆ ಮುನ್ನೂರು ಮೈಲಿ ಬಂದು ಅವನು ಮುಟ್ಟಿದ ಊರಿನ ಹೆಸರು ಬಿಜೆನೆಗಾಲಿಯಾ. ವಿಜಯನಗರ ಅನ್ನೋದು ಇಟಲಿಯ ಬಾಯಲ್ಲಿ ಹಾಗಾಗಿದೆ. ಇದು 1420ರ ಆಸುಪಾಸು, ಒಂದನೇ ದೇವರಾಯನ ಕೊನೆಯ ದಿನಗಳು. ರಾಜನ ಹೆಸರನ್ನ ಕೊಂಟಿ ಹೇಳಿಲ್ಲ, ಕಾಲದ ಲೆಕ್ಕದಿಂದ ತಿಳ್ಕೊಳ್ಳೋದು. ಯೂರೋಪಿನಿಂದ ಬಂದು ನಮ್ಮೂರನ್ನ ನೋಡಿ ವಿವರ ಕೊಟ್ಟವರಲ್ಲಿ ನಮಗೆ ಗೊತ್ತಿರೋ ಮೊದಲನೆಯವನು ಇವನೇ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅವನು ನೋಡಿದ ಹಂಪಿ ನಾವು ನೋಡೋ ಹಂಪಿ ಅಲ್ಲ. ಬಾಲಕೃಷ್ಣನ ಗುಡಿ 1513ರದ್ದು, ಉಗ್ರ ನರಸಿಂಹ 1528ರದ್ದು, ಇನ್ನೂ ನೂರು ವರ್ಷ ಕಾಯಬೇಕು. ಹೊಸಪೇಟೆಯಂತೂ ಇರಲೇ ಇಲ್ಲ, ಅದು ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ಕಂಪ್ಲಿ ಇತ್ತು, ಕುಮಾರರಾಮನ ಕಥೆಯೂ ಆಗಲೇ ಹಳೇದಾಗಿತ್ತು. ಹಜಾರರಾಮ ಗುಡಿ ದೇವರಾಯನ ಕಾಲದ್ದು ಅಂತಾರೆ, ಹಾಗಾಗಿ ಅದರ ಗೋಡೆ ಮೇಲಿನ ರಾಮಾಯಣ ಆಗ ಹೊಸದಾಗಿ ಉಳಿ ಏಟು ತಿಂದು ಬೆಳ್ಳಗಿದ್ದಿರಬೇಕು.

ಹಾಗಾದ್ರೆ ಅವನು ನೋಡಿದ್ದು ಏನು? ಮೊದಲು ಹೇಳೋದೇ ಕಡಿದಾದ ಬೆಟ್ಟಗಳು. ಆಮೇಲೆ ಗೋಡೆ. ಕೋಟೆ ಗೋಡೆ ಬೆಟ್ಟ ಹತ್ತಿ ಹೋಗುತ್ತೆ, ಬೆಟ್ಟದ ಬುಡದ ಕಣಿವೆಗಳನ್ನೆಲ್ಲ ಒಳಗೆ ಸೇರಿಸಿಕೊಳ್ಳುತ್ತೆ, ಅದಕ್ಕೇ ಊರು ಇನ್ನೂ ದೊಡ್ಡದಾಗಿ ಕಾಣುತ್ತೆ ಅನ್ನೋದು ಅವನ ವಿವರಣೆ. ಕಲ್ಲೇ ಇಲ್ಲದ ಊರಿನ ಹುಡುಗ, ಮನೆಯಲ್ಲಿ ಎತ್ತರ ಅಂದ್ರೆ ಚರ್ಚಿನ ಗಂಟೆ ಗೋಪುರ. ಅವನಿಗೆ ಗುಡಿಗಿಂತ ಮೊದಲು ಬಂಡೆ ಕಂಡಿದ್ದು ಸಹಜ. ದಸರಾ ರಜೆಯಲ್ಲಿ ಕಂಪ್ಲಿಯ ದೊಡ್ಡಮ್ಮನ ಮಗನ ಜೊತೆ ಮಾತಂಗ ಬೆಟ್ಟ ಹತ್ತಿ ಇದನ್ನೇ ನೋಡಿದೆ. ಗೋಡೆ ಎಲ್ಲಿ ನಿಲ್ಲುತ್ತೆ, ಬಂಡೆ ಎಲ್ಲಿ ಶುರು, ದೂರದಿಂದ ಗೊತ್ತೇ ಆಗಲ್ಲ. ಕಟ್ಟಿದವರು ಬಂಡೆಗೆ ಅರ್ಧ ಕೆಲಸ ಬಿಟ್ಟುಕೊಟ್ಟಿದ್ದಾರೆ. ಪ್ರವಾಸಿಗರು ಕಲ್ಲಿನ ರಥದ ಫೋಟೋ ತೆಗೆದುಕೊಂಡು ಹೋಗ್ತಾರೆ, ಕೊಂಟಿ ಮಾತ್ರ ಊರಿನ ಪ್ಲಾನ್ ನೋಡಿದ ಅಂತ ನನಗನ್ನಿಸ್ತು.

ಈಗ ಅರವತ್ತು ಮೈಲಿಗೆ ಬರೋಣ. ಹಳೇ ರೋಮನ್ ಮೈಲಿ ಸುಮಾರು 1.48 ಕಿ.ಮೀ. ಅಂದ್ರೆ ಸುತ್ತಳತೆ 89 ಕಿ.ಮೀ. ಊರು ವೃತ್ತಾಕಾರ ಅಂದುಕೊಂಡರೆ (ಅಲ್ಲ, ಆದ್ರೂ) ತ್ರಿಜ್ಯ 14 ಕಿ.ಮೀ. ಮ್ಯಾಪಿನಲ್ಲಿ ವಿರೂಪಾಕ್ಷ ಗುಡಿಗೆ ಕೈವಾರದ ಮುಳ್ಳು ಇಟ್ಟು ಗೆರೆ ಎಳೆದೆ. ಕಮಲಾಪುರ, ಆನೆಗೊಂದಿ ಒಳಗೆ. ಹೊಸಪೇಟೆ ಒಳಗೆ. ಸಂಡೂರು ಗುಡ್ಡಗಳ ಈ ಕಡೆಯ ತುದಿಗೆ ಗೆರೆ ತಾಗುತ್ತೆ, ಸಂಡೂರು ಊರು ದೂರಾನೇ ಉಳಿಯುತ್ತೆ. ಕಂಪ್ಲಿ ಮೂರ್ನಾಲ್ಕು ಕಿ.ಮೀ.ನಲ್ಲಿ ತಪ್ಪಿಹೋಗುತ್ತೆ. ಇದನ್ನ ತೋರಿಸಿದ್ರೆ ಅಣ್ಣನಿಗೆ ಸಿಟ್ಟು. 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿದಾಗಲೂ ಕಂಪ್ಲಿ, ಸಂಡೂರನ್ನ ಬಳ್ಳಾರಿಯಲ್ಲೇ ಬಿಟ್ಟರು, ನಿನ್ನ ಇಟಲಿಯವನೂ ಹಾಗೇ ಮಾಡಿದ್ನಾ ಅಂತ. ತಮಾಷೆ ಇರಲಿ, ಕೋಟೆಯೊಳಗಿನ ಊರಿಗೆ ಅರವತ್ತು ಮೈಲಿ ಬಹಳ ಜಾಸ್ತಿ. ಆದರೆ ಹೊರಗೋಡೆ, ಕಣಿವೆ, ಗದ್ದೆ, ತೋಟ, ಕೆರೆ ಎಲ್ಲಾ ಸೇರಿಸಿ ನೋಡಿದವನಿಗೆ ಅದು ಹುಚ್ಚು ಲೆಕ್ಕವೇನಲ್ಲ. ಮುಂದೆ ಪಯಸ್ ಇಲ್ಲಿಗೆ ಬಂದಾಗ ಒಂದು ಬೆಟ್ಟ ಹತ್ತಿ ನೋಡಿ, ಪೂರ್ತಿ ಊರು ಒಂದೇ ಕಡೆಯಿಂದ ಕಾಣಲ್ಲ ಅಂತ ಅಳತೆ ಹೇಳೋದನ್ನೇ ಬಿಟ್ಟ. ರೋಮ್‌ನಷ್ಟು ದೊಡ್ಡದು ಅಂತ ಮಾತ್ರ ಬರೆದ.

ಎಲ್ಲಾ ಲೆಕ್ಕವನ್ನೂ ಹೀಗೆ ಕಾಪಾಡೋಕಾಗಲ್ಲ. ರಾಜನಿಗೆ ಹನ್ನೆರಡು ಸಾವಿರ ಹೆಂಡತಿಯರು ಅಂತಾನೆ. ಅದರಲ್ಲಿ ನಾಲ್ಕು ಸಾವಿರ ಜನ ನಡೆದುಕೊಂಡು ಬರ್ತಾರೆ, ಅಡುಗೆಮನೆ ಕೆಲಸ ಅವರದ್ದು. ಇದು ಓದಿದಾಗಲೇ ಗೊತ್ತಾಗುತ್ತೆ, ಅರಮನೆಯ ಹೆಣ್ಣಾಳುಗಳನ್ನೆಲ್ಲ ಹೆಂಡತಿಯರ ಲೆಕ್ಕಕ್ಕೆ ಹಾಕಿದ್ದಾನೆ. ಇಪ್ಪತ್ತು ವರ್ಷದ ಮೇಲೆ ಬಂದ ಅಬ್ದುರ್ ರಝಾಕ್ ಏಳು ನೂರು ಅಂತಾನೆ. ರಾಜ ಸತ್ತರೆ ಎರಡು ಮೂರು ಸಾವಿರ ಹೆಂಗಸರು ಜೊತೆಗೇ ಸುಟ್ಟುಕೊಳ್ಳಬೇಕು ಅಂತಲೂ ಕೊಂಟಿ ಹೇಳ್ತಾನೆ. ಸಂಖ್ಯೆ ಏನೇ ಇರಲಿ, ಸತಿ ಪದ್ಧತಿ ಇದ್ದಿದ್ದು ಸುಳ್ಳಲ್ಲ. ನಮ್ಮ ಕಡೆ ಹೊಲದ ಬದಿಗಳಲ್ಲಿ ಮಾಸ್ತಿಕಲ್ಲುಗಳು ನಿಂತೇ ಇವೆ.

ಹಬ್ಬಗಳ ವಿಷಯದಲ್ಲಿ ಅವನ ಕಣ್ಣು ನನಗೆ ಇಷ್ಟ ಆಯ್ತು. ದೇವರನ್ನ ರಥಗಳ ನಡುವೆ ಊರೊಳಗೆ ಎಳೆಯೋದು, ಸಿಂಗಾರ ಮಾಡಿಕೊಂಡ ಹೆಣ್ಣುಮಕ್ಕಳು ರಥದ ಮೇಲೆ ಹಾಡೋದು. ಗುಡಿಗಳ ಒಳಗೂ ಮಾಳಿಗೆ ಮೇಲೂ ಲೆಕ್ಕವಿಲ್ಲದಷ್ಟು ಎಣ್ಣೆ ದೀಪ, ಅದು ದೀಪಾವಳಿ. ದಾರೀಲಿ ಹೋಗೋರಿಗೆಲ್ಲ, ಕೊನೆಗೆ ರಾಜ ರಾಣಿಗೂ ಕೇಸರಿ ನೀರು ಎರಚೋದು, ಅದು ಓಕುಳಿ. ಒಂಬತ್ತು ದಿನದ ಇನ್ನೊಂದು ಹಬ್ಬದಲ್ಲಿ ದೊಡ್ಡ ದಾರಿಗಳಲ್ಲೆಲ್ಲ ಸಣ್ಣ ಹಡಗಿನ ಪಟಸ್ತಂಭದ ಹಾಗೆ ಉದ್ದ ಕಂಬ ನೆಟ್ಟು ಚಂದದ ಬಟ್ಟೆ ಕಟ್ತಾರೆ ಅಂತಾನೆ. ಒಂಬತ್ತು ದಿನ ಅಂದ್ರೆ ಮಹಾನವಮಿ. ಸಮುದ್ರದಿಂದ ಮುನ್ನೂರು ಮೈಲಿ ದೂರದಲ್ಲಿ ಹಬ್ಬದ ಕಂಬ ನೋಡಿ ಹಡಗು ನೆನಪಾಗಬೇಕು ಅಂದ್ರೆ ಅವನು ಎಷ್ಟಾದರೂ ಕಿಯೋಜಾದವನೇ.

ಒಂದು ಮಾತು ನಡುವೆ. ತೆಲುಗನ್ನ ಪೂರ್ವದ ಇಟಾಲಿಯನ್ ಅಂತ ಕರೆದವನು ಈ ಕೊಂಟಿ ಅಂತ ಹಾಸ್ಟೆಲಿನ ತೆಲುಗು ಗೆಳತಿ ವಾದ ಮಾಡ್ತಾಳೆ. ನಾನು ಓದಿದ ಅನುವಾದದಲ್ಲಿ ಆ ಮಾತು ಸಿಗಲಿಲ್ಲ. ಕನ್ನಡದ ಬಗ್ಗೆಯೂ ಏನೂ ಸಿಗಲಿಲ್ಲ, ಹಾಗಾಗಿ ಇಬ್ಬರೂ ರಾಜಿ ಮಾಡಿಕೊಂಡ್ವಿ. ಖಂಬಾತಿನವರು ಮಾತ್ರ ಕಾಗದದ ಮೇಲೆ ಬರೀತಾರೆ, ಉಳಿದ ಕಡೆ ಎಲೆ ಮೇಲೆ ಅಂತ ಹೇಳ್ತಾನೆ. ಭಾರತದ ಕೆಲವು ಕಡೆ ವೆನಿಸ್‌ನ ಚಿನ್ನದ ಡಕೆಟ್ ನಾಣ್ಯ ಓಡಾಡ್ತಿತ್ತು ಅಂತಾನೆ. ಅಂದ್ರೆ ಅವನಿಗಿಂತ ಮೊದಲೇ ಅವನ ಊರಿನ ದುಡ್ಡು ಇಲ್ಲಿಗೆ ಬಂದಿತ್ತು.

ವಿಜಯನಗರದಿಂದ ಅವನು ಪೂರ್ವಕ್ಕೆ ಹೋದ. ಮೈಲಾಪುರ, ಸಿಂಹಳ, ಸುಮಾತ್ರಾ, ಬಂಗಾಳದ ಗಂಗೆ, ಬರ್ಮಾದ ಆವಾ ಪಟ್ಟಣ, ಆಮೇಲೆ ಜಾವಾ. ಒಂದೊಂದೂ ಒಂದೊಂದು ಲೇಖನ ಆಗುತ್ತೆ, ಬಿಡ್ತೀನಿ. ಡೂರಿಯನ್ ಹಣ್ಣಿನ ಬಗ್ಗೆ ಹೇಳಿದ ಮೊದಲ ಯೂರೋಪಿನವನು ಇವನೇ ಅಂತಾರೆ ಅನ್ನೋದಷ್ಟು ಇರಲಿ.

ಜಾವಾದ ಹತ್ತಿರ ಓದ್ತಾ ಇದ್ದಾಗ ನಾನು ತಡೆದು ನಿಂತೆ. ಅಲ್ಲಿ ಒಂಬತ್ತು ತಿಂಗಳು ಇದ್ದನಂತೆ, ಹೆಂಡತಿ ಮತ್ತು ಜೊತೆಗಾರರ ಸಮೇತ. ಹೆಂಡತಿನಾ? ಅಲ್ಲಿವರೆಗೆ ಅವಳ ಸುದ್ದಿಯೇ ಇಲ್ಲ. ಪ್ರಯಾಣಗಳಲ್ಲೆಲ್ಲ ಹೆಂಡತಿ ಮಕ್ಕಳು ಜೊತೆಗೇ ಇದ್ದರು ಅಂತ ಬರೆದಿದೆ, ಅಷ್ಟೇ. ಮದುವೆ ಆಗಿದ್ದು ಭಾರತದಲ್ಲಿ ಅನ್ನೋದು ಇನ್ನೊಬ್ಬ ಪ್ರವಾಸಿಯ ಬರಹದಿಂದ ಗೊತ್ತಾಗುತ್ತೆ. ನಾಲ್ಕು ಮಕ್ಕಳು ಹುಟ್ಟಿದ್ದರು. ಹಡಗಿನಲ್ಲಿ ಬಸುರಿ, ಬಂದರಿನಲ್ಲಿ ಬಾಣಂತಿ, ಮತ್ತೆ ಹಡಗು. ಇಷ್ಟೂರು ತಿರುಗಿದ ಆ ಹೆಂಗಸಿನ ಹೆಸರನ್ನ ಅವನು ಹೇಳಲಿಲ್ಲವೋ, ಬರೆದುಕೊಂಡವನು ಬಿಟ್ಟನೋ, ಪುಸ್ತಕದಲ್ಲಿ ಇಲ್ಲ. ಆನೆ, ಘೇಂಡಾಮೃಗ, ಮೆಣಸು, ದಾಲ್ಚಿನ್ನಿ ಎಲ್ಲದಕ್ಕೂ ಜಾಗ ಸಿಕ್ಕಿದೆ.

ವಾಪಸ್ ಹೊರಟಿದ್ದು ಕೊಲ್ಲಂ, ಕೊಚ್ಚಿ, ಕಲ್ಲಿಕೋಟೆ, ಖಂಬಾತ್ ದಾರಿಯಲ್ಲಿ. ಅಲ್ಲಿಂದ ಸೊಕೊಟ್ರಾ, ಏಡನ್, ಕೆಂಪು ಸಮುದ್ರ. ಆ ಪ್ರಯಾಣದ ಕೊನೆಗೆ ಅವನ ಮೇಲೆ ಒತ್ತಡ ಬಿತ್ತು, ಕ್ರೈಸ್ತ ಮತ ಬಿಟ್ಟು ಮುಸ್ಲಿಂ ಆದ. ತನ್ನ ಜೀವದ ಭಯಕ್ಕಿಂತ ಹೆಂಡತಿ ಮಕ್ಕಳಿಗೆ ಏನಾಗುತ್ತೋ ಅಂತ ಹಾಗೆ ಮಾಡಿದೆ ಅನ್ನೋದು ಅವನು ಕೊಟ್ಟ ಕಾರಣ.

1437ರ ಸುಮಾರಿಗೆ ಸಿನಾಯ್ ಬೆಟ್ಟದ ಹತ್ತಿರ ಪೆರೊ ತಾಫುರ್ ಅನ್ನೋ ಸ್ಪೇನಿನ ಯುವಕ ಅವನಿಗೆ ಸಿಕ್ಕಿದ. ನಾನು ಮೇಲೆ ಹೇಳಿದ ಇನ್ನೊಬ್ಬ ಪ್ರವಾಸಿ ಇವನೇ. ತಾಫುರ್‌ಗೆ ಭಾರತ ನೋಡೋ ಆಸೆ. ಅಲ್ಲಿಂದಲೇ ಬರ್ತಿರೋನು ಎದುರಿಗೇ ಸಿಕ್ಕ, ದಾರಿ ಕೇಳಿದ. ಕೊಂಟಿ ಬೇಡವೇ ಬೇಡ ಅಂದ. ದಾರಿ ದೂರ, ಅಪಾಯ ಬಹಳ, ಭಾಷೆ ಬೇರೆ, ಹೋಗಬೇಡ ಅಂತ ತಿಳಿಹೇಳಿ ವಾಪಸ್ ಕಳಿಸಿದ. ಇಪ್ಪತ್ತು ವರ್ಷಕ್ಕೂ ಮೇಲೆ ತಿರುಗಿದವನೇ ಹೀಗೆ ಹೇಳಬೇಕು ಅಂದ್ರೆ ಅವನ ಮನಸ್ಸಲ್ಲಿ ಏನಿತ್ತೋ. ಆ ಹೊತ್ತಿಗೆ ಅವನ ಮಕ್ಕಳು ಜೊತೆಯಲ್ಲೇ ಇದ್ದರು.

ಈಜಿಪ್ಟಿನಲ್ಲಿ ಪ್ಲೇಗ್. ಹೆಂಡತಿ ಸತ್ತಳು. ನಾಲ್ಕು ಮಕ್ಕಳಲ್ಲಿ ಇಬ್ಬರು ಸತ್ತರು, ಆಳುಗಳೂ ಸತ್ತರು. ಸುಮಾತ್ರಾದ ಸಮುದ್ರ, ಬರ್ಮಾದ ನದಿ ಎಲ್ಲಾ ದಾಟಿಬಂದವರು ಮನೆ ಇನ್ನು ಹತ್ತಿರ ಅನ್ನೋ ಜಾಗದಲ್ಲಿ ಹೋದರು. ಉಳಿದ ಇಬ್ಬರು ಮಕ್ಕಳನ್ನ ಕರೆದುಕೊಂಡು ಕೊಂಟಿ 1439ರಲ್ಲಿ ವೆನಿಸ್ ಸೇರಿದ.

ಮತ ಬಿಟ್ಟಿದ್ದಕ್ಕೆ ಕ್ಷಮೆ ಬೇಕಿತ್ತು. ಪೋಪ್ ನಾಲ್ಕನೇ ಯೂಜಿನ್ ಆಗ ಫ್ಲಾರೆನ್ಸ್‌ನಲ್ಲಿದ್ದ, ಅಲ್ಲಿಗೇ ಹೋಗಿ ಕೇಳಿಕೊಂಡ. ಪೋಪನ ಕಾರ್ಯದರ್ಶಿ ಪೊಜ್ಜಿಯೊ ಬ್ರಾಚೊಲಿನಿ, ಹಳೇ ಮಠಗಳ ಅಟ್ಟ ಹುಡುಕಿ ಕಳೆದುಹೋದ ಲ್ಯಾಟಿನ್ ಗ್ರಂಥಗಳನ್ನ ಹೊರತೆಗೆದ ಮಹಾ ಪಂಡಿತ. ಇವನಿಗೆ ಕೊಂಟಿಯ ಸುದ್ದಿ ಸಿಕ್ಕಿತು, ಬಿಡ್ತಾನಾ? ಕೂರಿಸಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಎಲ್ಲಾ ಬರೆದುಕೊಂಡ. ಕಥೆ ಹೇಳೋದೇ ಕೊಂಟಿಗೆ ಪೋಪ್ ಕೊಟ್ಟ ಪ್ರಾಯಶ್ಚಿತ್ತ ಅಂತ ಬಹಳ ಕಡೆ ಓದ್ತೀರಿ. ಅದು ನೂರು ವರ್ಷದ ಮೇಲೆ ರಾಮುಸಿಯೋ ಅನ್ನೋ ಸಂಪಾದಕ ಸೇರಿಸಿದ ಮಾತು.

ಪೊಜ್ಜಿಯೊ ಇದನ್ನ ಯಾವ ಪುಸ್ತಕಕ್ಕೆ ಸೇರಿಸಿದ ಅನ್ನೋದೇ ನನ್ನನ್ನ ಹಿಡಿದು ಕೂರಿಸಿದ್ದು. ಅದೃಷ್ಟದ ಏರಿಳಿತದ ಬಗ್ಗೆ ಅವನು ನಾಲ್ಕು ಭಾಗದ ಗ್ರಂಥ ಬರೆದು 1448ರ ಹೊತ್ತಿಗೆ ಮುಗಿಸಿದ. ಒಂದನೇ ಭಾಗದಲ್ಲಿ ಅವನೂ ಒಬ್ಬ ಗೆಳೆಯನೂ ರೋಮಿನ ಕ್ಯಾಪಿಟೊಲಿನ್ ಗುಡ್ಡ ಹತ್ತಿ ಕೂತು ಕೆಳಗಿನ ಹಾಳುಗಳನ್ನ ನೋಡ್ತಾರೆ. ಜಗತ್ತನ್ನೇ ಆಳಿದ ಊರಿನ ನಡುಮಧ್ಯೆ ಸೊಪ್ಪು ತರಕಾರಿ ಮಡಿ, ಹಂದಿ, ಎಮ್ಮೆ. ನಾಲ್ಕನೇ ಭಾಗದಲ್ಲಿ ಕೊಂಟಿ ನೋಡಿದ ಭಾರತ, ಅದರಲ್ಲಿ ಜನ ತುಂಬಿದ, ಸುತ್ತಳತೆ ಅರವತ್ತು ಮೈಲಿಯ ಬಿಜೆನೆಗಾಲಿಯಾ. ಆ ಪುಸ್ತಕ ಬರೆದಾಗ ಹಾಳೂರು ಅಂದ್ರೆ ರೋಮ್, ಬಾಳೋ ಊರು ಅಂದ್ರೆ ನಮ್ಮದು. ನೂರಾ ಹದಿನೇಳು ವರ್ಷಕ್ಕೆ 1565 ಬಂತು. ಮಾತಂಗ ಬೆಟ್ಟದಿಂದ ಅವತ್ತು ನನಗೆ ಕಂಡಿದ್ದು ಬಾಳೆ ತೋಟ, ಮಂಟಪಗಳ ಸಾಲಿನ ನಡುವೆ ಮೇಯೋ ಎಮ್ಮೆ. ತೋಟಕ್ಕೆ ನೀರು ಬರೋದು ಅದೇ ವಿಜಯನಗರದ ಕಾಲದ ತುರ್ತಾ ಕಾಲುವೆಯಿಂದ.

ಕೊಂಟಿಯ ಭಾಗ 1492ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾಯ್ತು, 1502ರಲ್ಲಿ ಲಿಸ್ಬನ್‌ನಲ್ಲಿ ಪೋರ್ಚುಗೀಸಿಗೆ ಬಂತು. 1550ರಲ್ಲಿ ರಾಮುಸಿಯೋ ಇಟಾಲಿಯನ್‌ನಲ್ಲಿ ಹಾಕೋಣ ಅಂದ್ರೆ ಲ್ಯಾಟಿನ್ ಪ್ರತಿ ಅವನಿಗೆ ಸಿಗಲೇ ಇಲ್ಲ, ಪೋರ್ಚುಗೀಸಿನಿಂದಲೇ ವಾಪಸ್ ಇಟಾಲಿಯನ್ನಿಗೆ ತರಬೇಕಾಯ್ತು. ಕೊಂಟಿ ಮನೆಗೆ ಬಂದ ದಾರಿ ಹಾಗೇ ಅವನ ಪುಸ್ತಕದ್ದೂ ಸುತ್ತುಬಳಸು ದಾರಿ. 1900ರಲ್ಲಿ ರಾಬರ್ಟ್ ಸೆವೆಲ್ ವಿಜಯನಗರದ ಮೇಲೆ ಪುಸ್ತಕ ಬರೆದಾಗ ಇವನನ್ನ ಬಳಸಿಕೊಂಡ. ಅಲ್ಲಿಂದ ನಮ್ಮ ಪಠ್ಯಪುಸ್ತಕಕ್ಕೆ, ಒಂದು ಮಾರ್ಕಿಗೆ.

ಕೊಂಟಿ ಆಮೇಲೆ ಎಲ್ಲಿಗೂ ಹೋಗಲಿಲ್ಲ. ಕಿಯೋಜಾದಲ್ಲೇ ಇದ್ದ, ಊರಿನ ಆಡಳಿತದ ಕೆಲಸಗಳನ್ನೂ ಮಾಡಿದ. ವೆನಿಸ್‌ನಲ್ಲಿ ಫ್ರಾ ಮೌರೊ ಅನ್ನೋ ಸನ್ಯಾಸಿ 1450ರ ಸುಮಾರಿಗೆ ದೊಡ್ಡ ಜಗತ್ತಿನ ನಕ್ಷೆ ಮಾಡಿದ, ದಕ್ಷಿಣ ಮೇಲಕ್ಕೆ ಇರೋ ನಕ್ಷೆ. ಅದರಲ್ಲಿ ಪೂರ್ವದ ಊರುಗಳ ಎಷ್ಟೋ ವಿವರ ಕೊಂಟಿಯಿಂದ ಬಂದವು ಅಂತ ವಿದ್ವಾಂಸರು ಹೇಳ್ತಾರೆ. 1469ರಲ್ಲಿ ಅವನು ತೀರಿಕೊಂಡ.

ಅವನ ಜೊತೆ ಬಂದ ಆ ಇಬ್ಬರು ಮಕ್ಕಳು ಹುಟ್ಟಿದ್ದು ಹಿಂದೂ ಮಹಾಸಾಗರದ ಈ ಕಡೆಯ ದಡದಲ್ಲೆಲ್ಲೋ. ಅಪ್ಪನ ಊರಿನ ಮಾತು ಅವರಿಗೆ ಹೊಸದು. ಅಮ್ಮ ಕೈರೋದ ದಾರಿಯಲ್ಲಿ ಉಳಿದಳು. ಅವರು ಕಿಯೋಜಾದ ಕಾಲುವೆ ಪಕ್ಕ ಬೆಳೆದರು, ಅಲ್ಲಿ ಯಾವ ಕಡೆ ತಿರುಗಿದ್ರೂ ಒಂದು ಗುಡ್ಡ ಕಾಣಲ್ಲ.